ಎಂಎಸ್ ಖರ್ಚು ಅಂದ್ರೆ ಬರೀ ಇಂಜೆಕ್ಷನ್ ಖರ್ಚಲ್ಲ

ಯಾರಿಗಾದ್ರೂ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದ್ರೆ ಎಂಎಸ್ ಅನ್ನೋ ನರದ ಕಾಯಿಲೆ ಇದೆ ಅಂತ ಗೊತ್ತಾದ ತಕ್ಷಣ ಮನೆಯವ್ರು ನೆಂಟ್ರು ಕೇಳೋ ಮೊದಲ ಪ್ರಶ್ನೆ ವಾಸಿ ಆಗತ್ತಾ ಅಂತ, ಎರಡನೇದು ಎಷ್ಟು ಖರ್ಚಾಗತ್ತೆ ಅಂತ. ಮೊದಲನೇದಕ್ಕೆ ಉತ್ತರ ಚಿಕ್ಕದು. ಪೂರ್ತಿ ವಾಸಿ ಮಾಡೋ ಔಷಧಿ ಇನ್ನೂ ಇಲ್ಲ, ಹತೋಟೀಲಿ ಇಡೋ ಔಷಧಿಗಳು ಚೆನ್ನಾಗೇ ಇವೆ. ಎರಡನೇದಕ್ಕೆ ಎಲ್ರೂ ಮಾತ್ರೆ ರೇಟು, ಇಂಜೆಕ್ಷನ್ ರೇಟು, ಎಂಆರ್‌ಐ ರೇಟು ಕೂಡಿಸಿ ಒಂದು ನಂಬರ್ ಹೇಳ್ಬಿಡ್ತಾರೆ. ಆ ನಂಬರ್ ಸುಳ್ಳೇನಲ್ಲ, ಆದ್ರೆ ಅಷ್ಟಕ್ಕೇ ಲೆಕ್ಕ ಮುಗಿಯಲ್ಲ. ಎಂಎಸ್‌ನ ದೊಡ್ಡ ಖರ್ಚಿಗೆ ಯಾರೂ ಬಿಲ್ ಕೊಡಲ್ಲ: ಬಿಟ್ಟ ಕೆಲಸ, ಕೈ ತಪ್ಪಿದ ಪ್ರಮೋಷನ್, ನೋಡ್ಕೊಳ್ಳೋಕೆ ಅಂತ ಮನೇಲಿ ಉಳಿದ ಇನ್ನೊಬ್ಬರ ಸಂಬಳ, ಹಳಸಿದ ಸಂಬಂಧ. ಇದರ ಜೊತೆಗೆ ಇನ್ನೊಂದು ವಿಚಿತ್ರ ಇದೆ, ನಮ್ಮಲ್ಲಿ ಸಿಗೋ ಸಹಾಯದಲ್ಲಿ ಹೆಚ್ಚಿನದು ಕಾಲು ಸೋತ ಮೇಲೆ ಶುರುವಾಗತ್ತೆ, ಆ ಕಾಲನ್ನ ಉಳಿಸ್ಕೊಳ್ಳೋಕೆ ದುಡ್ಡು ಬೇಕಿದ್ದಾಗ ಯಾರೂ ತಿರುಗಿ ನೋಡಲ್ಲ.

ಕಾಯಿಲೆ ಏನು ಅಂತ ಮೊದಲು ಸ್ವಲ್ಪ ಹೇಳ್ಬಿಡ್ತೀನಿ. ಮೆದುಳು, ಬೆನ್ನುಹುರಿ, ಕಣ್ಣಿನ ನರ ಇಲ್ಲಿರೋ ನರತಂತುಗಳ ಮೇಲೆ ಮಯಲಿನ್ ಅನ್ನೋ ಕೊಬ್ಬಿನ ಹೊದಿಕೆ ಇರತ್ತೆ, ಕರೆಂಟ್ ವೈರ್ ಮೇಲಿನ ಪ್ಲಾಸ್ಟಿಕ್ ಇದ್ದಂಗೆ. ಎಂಎಸ್‌ನಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ಈ ಹೊದಿಕೆ ಮೇಲೆ ದಾಳಿ ಮಾಡತ್ತೆ. ಹೊದಿಕೆ ಕಿತ್ತೋದ ಕಡೆ ಸಂದೇಶ ನಿಧಾನ ಆಗತ್ತೆ, ಇಲ್ಲಾ ನಿಂತೇ ಹೋಗತ್ತೆ. ದಾಳಿ ಎಲ್ಲಿ ಆಯ್ತೋ ಅದರ ಮೇಲೆ ಲಕ್ಷಣ, ಕಣ್ಣಿನ ನರಕ್ಕಾದ್ರೆ ಒಂದು ಕಣ್ಣು ಮಂಜು, ಬೆನ್ನುಹುರಿಗಾದ್ರೆ ಸೊಂಟದಿಂದ ಕೆಳಗೆ ಜೋಮು ಅಥವಾ ಮೂತ್ರದ ತೊಂದರೆ, ಇನ್ನೆಲ್ಲೋ ಆದ್ರೆ ತೂರಾಡೋ ನಡಿಗೆ. ಹಂಗಾಗಿ ಒಬ್ಬರ ಎಂಎಸ್ ಇನ್ನೊಬ್ಬರ ಎಂಎಸ್ ಥರ ಇರಲ್ಲ. 1868ರಲ್ಲಿ ಪ್ಯಾರಿಸ್‌ನ ಶಾರ್ಕೋ ಅನ್ನೋ ಡಾಕ್ಟ್ರು ಇದನ್ನ ಬೇರೆಯೇ ಒಂದು ಕಾಯಿಲೆ ಅಂತ ಸರಿಯಾಗಿ ವಿವರಿಸಿದ್ರು. ಸುಮಾರು 85% ಜನಕ್ಕೆ ಶುರುವಿನಲ್ಲಿ ಬಂದು ಹೋಗೋ ಥರದ್ದು ಇರತ್ತೆ, ಅಂದ್ರೆ ಒಂದು ದಾಳಿ, ಆಮೇಲೆ ತಿಂಗಳುಗಟ್ಲೆ ಅಥವಾ ವರ್ಷಗಟ್ಲೆ ಚೇತರಿಕೆ, ಮತ್ತೆ ಇನ್ನೊಂದು ದಾಳಿ. ಇವ್ರಲ್ಲಿ ಸುಮಾರು ಜನಕ್ಕೆ ಮುಂದೊಂದು ದಿನ ದಾಳಿ ಇಲ್ದೇನೂ ನಿಧಾನಕ್ಕೆ ಶಕ್ತಿ ಕುಂದೋ ಹಂತ ಬರತ್ತೆ.

2020ರ ಜಾಗತಿಕ ಲೆಕ್ಕದ ಪ್ರಕಾರ ಪ್ರಪಂಚದಲ್ಲಿ ಸುಮಾರು 28 ಲಕ್ಷ ಜನಕ್ಕೆ ಎಂಎಸ್ ಇದೆ, ಪತ್ತೆಯಾಗೋ ಸರಾಸರಿ ವಯಸ್ಸು 32, ಗಂಡಸ್ರಿಗಿಂತ ಹೆಂಗಸ್ರಲ್ಲಿ ಕಮ್ಮಿ ಅಂದ್ರೂ ಎರಡು ಪಟ್ಟು ಜಾಸ್ತಿ. ನಮ್ಮಲ್ಲಿ ಇದನ್ನ ಬಹಳ ಕಾಲ ಚಳಿ ದೇಶದ ಬಿಳಿಯರ ಕಾಯಿಲೆ ಅಂದ್ಕೊಂಡಿದ್ರು, ಲಕ್ಷಕ್ಕೆ ಒಬ್ಬರು ಇದ್ರೆ ಹೆಚ್ಚು ಅನ್ನೋ ಅಂದಾಜು ಇತ್ತು. ಆದ್ರೆ ಮಂಗಳೂರು ನಗರದಲ್ಲಿ ನಡೆಸಿ 2014ರಲ್ಲಿ ಪ್ರಕಟ ಆದ ಸಮೀಕ್ಷೇಲಿ ಲಕ್ಷಕ್ಕೆ ಸುಮಾರು 8 ಜನ ಸಿಕ್ಕಿದ್ರು. ಕಾಯಿಲೆನೇ ಹೆಚ್ಚಾಯ್ತೋ, ಎಂಆರ್‌ಐ ಮೆಷಿನ್ನು ನ್ಯೂರಾಲಜಿಸ್ಟು ಹೆಚ್ಚಾಗಿ ಇದ್ದಿದ್ದು ಕಾಣಿಸ್ತೋ, ಎರಡೂ ಇರಬಹುದು. ಅಮೆರಿಕ ಯೂರೋಪಿಗೆ ಹೋಲಿಸಿದ್ರೆ ಇದು ಈಗ್ಲೂ ಕಮ್ಮಿ, ಆದ್ರೆ ನಮ್ಮ ಜನಸಂಖ್ಯೆಗೆ ಗುಣಿಸಿ ನೋಡಿ, ಲಕ್ಷ ದಾಟತ್ತೆ. ಸರ್ಕಾರದ ಕಣ್ಣಿಗೆ ಬೀಳುವಷ್ಟು ದೊಡ್ಡದೂ ಅಲ್ಲ, ಪತ್ರಿಕೇಲಿ ಮನವಿ ಮಾಡಿ ದುಡ್ಡು ಕೂಡಿಸೋವಷ್ಟು ಅಪರೂಪದ್ದೂ ಅಲ್ಲ, ಮಧ್ಯದಲ್ಲಿ ಸಿಕ್ಕಾಕ್ಕೊಂಡಿರೋ ಕಾಯಿಲೆ.

ಆ 32 ಅನ್ನೋ ವಯಸ್ಸನ್ನ ಸ್ವಲ್ಪ ಗಮನಿಸಿ, ಹಣದ ಲೆಕ್ಕದಲ್ಲಿ ಅದೇ ಮುಖ್ಯ. ಹಾರ್ಟ್ ಅಟ್ಯಾಕ್ ಸ್ಟ್ರೋಕ್ ಎಲ್ಲಾ ಹೆಚ್ಚಾಗಿ ಬರೋದು ಮನೆ ಕಟ್ಟಿ ಮಕ್ಳು ಓದು ಮುಗಿಸೋ ಹೊತ್ತಿಗೆ. ಎಂಎಸ್ ಬರೋದು ಕೆಲಸ ಈಗ ತಾನೇ ಗಟ್ಟಿ ಆಗ್ತಿರೋವಾಗ, ಮದುವೆ ಮಾತು ನಡೀತಿರೋವಾಗ, ಮಗು ಕೈಗೂಸಾಗಿರೋವಾಗ, ಸೈಟಿಗೆ ಲೋನ್ ತಗೊಂಡು ಎರಡು ಕಂತು ಕಟ್ಟಿರೋವಾಗ. ಪಶ್ಚಿಮದ ದೇಶಗಳ ಅಧ್ಯಯನಗಳಲ್ಲಿ ಎಂಎಸ್ ಇರೋರ ಆಯಸ್ಸು ಬೇರೆಯವ್ರಿಗಿಂತ ಸರಾಸರಿ 7 ವರ್ಷದಷ್ಟು ಮಾತ್ರ ಕಮ್ಮಿ ಕಂಡಿದೆ. ಅದು ಒಳ್ಳೇ ಸುದ್ದಿನೇ. ಆದ್ರೆ ಆಯಸ್ಸು ಉದ್ದ ಇದ್ದು ದುಡಿಯೋ ವರ್ಷ ಕಮ್ಮಿ ಆದ್ರೆ ಏನಾಗತ್ತೆ ಅಂತ ಯೋಚ್ನೆ ಮಾಡಿ, 35 40 ವರ್ಷ ಖರ್ಚು ಇರತ್ತೆ, ಆದಾಯ ಮಾತ್ರ ಮಧ್ಯದಲ್ಲೇ ನಿಲ್ಲತ್ತೆ.

ಖರ್ಚು ಕಾಯಿಲೆ ಹೆಸರು ಗೊತ್ತಾಗೋ ಮುಂಚೆನೇ ಶುರು. ಕಣ್ಣು ಮಂಜಾಯ್ತು ಅಂತ ಕಣ್ಣಿನ ಡಾಕ್ಟ್ರ ಹತ್ರ, ಕನ್ನಡಕ ಬದಲಾಯ್ತು, ಮೂರ್ನಾಲ್ಕು ವಾರಕ್ಕೆ ತಾನೇ ಸರಿಹೋಯ್ತು. ಆರು ತಿಂಗಳಾದ್ಮೇಲೆ ಕಾಲು ಜೋಮು, ಮೂಳೆ ಡಾಕ್ಟ್ರು, ಡಿಸ್ಕ್ ಅಂತ ಬೆಲ್ಟು. ಮತ್ತೆ ಸುಸ್ತು, ಬಿ12 ಇಂಜೆಕ್ಷನ್. ಹೆಂಗಸ್ರಾದ್ರೆ ಟೆನ್ಷನ್ ಮಾಡ್ಕೋಬೇಡಮ್ಮ ಅನ್ನೋ ಮಾತು ಕಟ್ಟಿಟ್ಟ ಬುತ್ತಿ. ನಡುವೆ ಹರಕೆ, ದೃಷ್ಟಿ ತೆಗೆಸೋದು, ಯಾರೋ ಹೇಳಿದ ಎಣ್ಣೆ. ಇದರಲ್ಲಿ ಡಾಕ್ಟ್ರುಗಳದ್ದೇ ಪೂರ್ತಿ ತಪ್ಪು ಅನ್ನೋಕಾಗಲ್ಲ, ಲಕ್ಷಣ ಬಂದು ಹೋಗೋದ್ರಿಂದ ಯಾರಿಗೂ ಪೂರ್ತಿ ಚಿತ್ರ ಕಾಣಲ್ಲ. ಕೊನೆಗೆ ಜಿಲ್ಲೆಯಿಂದ ಬೆಂಗಳೂರಿನ ನಿಮ್ಹಾನ್ಸ್‌ಗೋ ಮಂಗಳೂರು ಮಣಿಪಾಲಕ್ಕೋ ಹೋಗಿ, ಮೆದುಳು ಬೆನ್ನುಹುರಿ ಎರಡರದ್ದೂ ಎಂಆರ್‌ಐ, ಬೆನ್ನಿಂದ ನೀರು ತೆಗೆದು ಟೆಸ್ಟು, ರಕ್ತದ ಟೆಸ್ಟು ಆದ್ಮೇಲೆ ಹೆಸರು ಸಿಗತ್ತೆ. ಇದೇ ಥರ ಕಾಣೋ ಎನ್‌ಎಂಒ ಅನ್ನೋ ಇನ್ನೊಂದು ಕಾಯಿಲೆ ಇದೆ, ಎಂಎಸ್‌ಗೆ ಕೊಡೋ ಕೆಲವು ಔಷಧಿಗಳು ಅದನ್ನ ಇನ್ನೂ ಕೆಡಿಸ್ತವೆ, ಅದಕ್ಕೆ ಆ ರಕ್ತದ ಟೆಸ್ಟಿಗೆ ದುಡ್ಡು ಯಾಕೆ ಅಂತ ಬಿಡೋ ಹಾಗಿಲ್ಲ. ಹೊರಗಿನ ಊರಿಂದ ಬಂದವ್ರಿಗೆ ಸ್ಕ್ಯಾನ್ ಖರ್ಚಿಗಿಂತ ಲಾಡ್ಜು, ಊಟ, ಜೊತೆಗೆ ಬಂದವ್ರ ಕೂಲಿ ತಪ್ಪಿದ್ದು ಜಾಸ್ತಿ ಆಗೋದು ಅಪರೂಪ ಏನಲ್ಲ.

ಇನ್ನು ಔಷಧಿ. ಇಲ್ಲಿ ಎರಡು ಲೆಕ್ಕ ಬೇರೆ ಬೇರೆ ಇಟ್ಕೋಬೇಕು. ದಾಳಿ ಆದಾಗ 3ರಿಂದ 5 ದಿನ ದಿನಕ್ಕೆ 1 ಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್ ಸ್ಟೀರಾಯ್ಡನ್ನ ಡ್ರಿಪ್‌ನಲ್ಲಿ ಕೊಡ್ತಾರೆ, ಅದು ಆ ಹೊತ್ತಿನ ಬೆಂಕಿ ಆರಿಸೋಕೆ, ಚೇತರಿಕೆ ಬೇಗ ಆಗತ್ತೆ ಅಷ್ಟೇ, ಮುಂದಿನ ದಾಳಿ ತಡೆಯಲ್ಲ. ಮುಂದಿನ ದಾಳಿ ತಡೆಯೋ ಔಷಧಿಗಳು ಬೇರೆ, ಅವನ್ನ ವರ್ಷಗಟ್ಲೆ ತಗೋಬೇಕು. 1993ರಲ್ಲಿ ಅಮೆರಿಕದಲ್ಲಿ ಇಂಟರ್‌ಫೆರಾನ್ ಬೀಟಾಗೆ ಮೊದಲ ಒಪ್ಪಿಗೆ ಸಿಕ್ತು, ಆಮೇಲೆ ಗ್ಲಾಟಿರಾಮರ್, ನಟಲಿಜುಮ್ಯಾಬ್, 2010ರಿಂದ ಈಚೆಗೆ ಫಿಂಗೊಲಿಮಾಡ್, ಟೆರಿಫ್ಲುನೊಮೈಡ್, ಡೈಮೀಥೈಲ್ ಫ್ಯುಮರೇಟ್ ಮಾತ್ರೆಗಳು, 2017ರಲ್ಲಿ ಓಕ್ರೆಲಿಜುಮ್ಯಾಬ್. ನಮ್ಮ ಪುಣ್ಯಕ್ಕೆ ಮಾತ್ರೆಗಳಲ್ಲಿ ಕೆಲವಕ್ಕೆ ಭಾರತದ್ದೇ ಜೆನೆರಿಕ್, ಅಂದ್ರೆ ಅದೇ ಔಷಧಿಯ ಅಗ್ಗದ ರೂಪ ಇವೆ, ತಿಂಗಳಿಗೆ ಕೆಲವು ಸಾವಿರದಲ್ಲಿ ಮುಗಿಯತ್ತೆ. ಓಕ್ರೆಲಿಜುಮ್ಯಾಬ್ ಥರದ್ದು ಲಕ್ಷಗಳ ಲೆಕ್ಕ, ಮಧ್ಯಮ ವರ್ಗದವ್ರೂ ಸ್ವಂತ ದುಡ್ಡಲ್ಲಿ ವರ್ಷ ವರ್ಷ ತಗೊಳ್ಳೋದು ಕಷ್ಟ.

ಈ ಎರಡರ ಮಧ್ಯೆ ಒಂದು ದಾರಿ ಇದೆ, ರಿಟುಕ್ಸಿಮ್ಯಾಬ್. ಇದು ಮೂಲದಲ್ಲಿ ಲಿಂಫೋಮಾ ಕ್ಯಾನ್ಸರಿನ ಔಷಧಿ, ಇದರ ಬಯೋಸಿಮಿಲರ್ ಅನ್ನ, ಅಂದ್ರೆ ಮೂಲ ಔಷಧಿಯಂತೆಯೇ ಕೆಲಸ ಮಾಡೋ ಇನ್ನೊಂದು ಕಂಪನಿಯ ರೂಪವನ್ನ, ಹೈದರಾಬಾದಿನ ಡಾ. ರೆಡ್ಡೀಸ್ 2007ರಲ್ಲೇ ತಂತು, ಆಮೇಲೆ ಬೇರೆ ಕಂಪನಿಗಳೂ ತಂದ್ವು, ರೇಟು ಇಳೀತು. ಓಕ್ರೆಲಿಜುಮ್ಯಾಬ್ ಹೊಡೆಯೋ ಅದೇ ಬಿ ಕಣಗಳನ್ನ, ಅಂದ್ರೆ ರೋಗನಿರೋಧಕ ವ್ಯವಸ್ಥೆಯ ಒಂದು ಥರದ ಬಿಳಿ ರಕ್ತಕಣಗಳನ್ನ, ಇದೂ ಹೊಡೆಯತ್ತೆ. ಎಂಎಸ್‌ಗೆ ಅಂತ ಲೇಬಲ್ ಮೇಲೆ ಬರ್ದಿಲ್ಲ, ಆದ್ರೂ ನಮ್ಮಲ್ಲಿ ನ್ಯೂರಾಲಜಿಸ್ಟುಗಳು ಇದನ್ನ ಧಾರಾಳವಾಗಿ ಬಳಸ್ತಾರೆ, ಶ್ರೀಮಂತ ಸ್ವೀಡನ್‌ನಲ್ಲೂ ಬಳಸ್ತಾರೆ. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಮೊದಲ ಸಲ ಎಂಎಸ್ ಔಷಧಿ ಸೇರಿಸ್ತು, ಗ್ಲಾಟಿರಾಮರ್, ಕ್ಲ್ಯಾಡ್ರಿಬಿನ್ ಜೊತೆ ಈ ರಿಟುಕ್ಸಿಮ್ಯಾಬ್ ಕೂಡ ಇದೆ. ಬಡ ದೇಶದವ್ರು ಕೈಗೆಟುಕತ್ತೆ ಅಂತ ಹಿಡ್ಕೊಂಡ ಔಷಧಿಗೆ ಪ್ರಪಂಚದ ಮುದ್ರೆ ಬಿದ್ದಂಗಾಯ್ತು, ನನಗಂತೂ ಖುಷಿ ಆಯ್ತು. ಹಂಗಂತ ಸುಮ್ನೆ ಚುಚ್ಚಿಸ್ಕೊಳ್ಳೋದಲ್ಲ, ಶುರು ಮಾಡೋ ಮುಂಚೆ ಟಿಬಿ, ಹೆಪಟೈಟಿಸ್ ಬಿ ಟೆಸ್ಟ್ ಮಾಡಿಸ್ಬೇಕು, ನಮ್ಮ ದೇಶದಲ್ಲಿ ಅದು ಕಡ್ಡಾಯ ಅಂತಾನೇ ಇಟ್ಕೊಳ್ಳಿ.

ಔಷಧಿ ವಿಷಯದಲ್ಲಿ ಮನೆಯವ್ರಿಗೆ ಅರ್ಥ ಮಾಡಿಸೋಕೆ ಕಷ್ಟ ಆಗೋದು ಒಂದಿದೆ. ತಲೆನೋವಿನ ಮಾತ್ರೆ ತಗೊಂಡ್ರೆ ತಲೆನೋವು ಹೋಗತ್ತೆ, ದುಡ್ಡು ಕೊಟ್ಟಿದ್ದಕ್ಕೆ ಸಾರ್ಥಕ ಅನ್ಸತ್ತೆ. ಎಂಎಸ್ ಔಷಧಿ ತಗೊಂಡ್ರೆ ಏನೂ ಆಗಲ್ಲ, ಏನೂ ಆಗದೇ ಇರೋದೇ ಅದರ ಕೆಲಸ. ಇವತ್ತಿನ ಜೋಮು ಹೋಗಲ್ಲ, ಎರಡು ವರ್ಷ ಬಿಟ್ಟು ಬರಬೇಕಿದ್ದ ದಾಳಿ ಬರಲ್ಲ, ಬರದೇ ಇದ್ದಿದ್ದು ಯಾರಿಗೂ ಕಾಣಲ್ಲ. ಅದಕ್ಕೆ ಮನೇಲಿ ದುಡ್ಡಿನ ಬಿಕ್ಕಟ್ಟು ಬಂದಾಗ, ಮಗನ ಕಾಲೇಜ್ ಫೀಸೋ ತಂಗಿ ಮದುವೆನೋ ಬಂದಾಗ, ಚೆನ್ನಾಗೇ ಇದ್ದೀಯಲ್ಲ ಸ್ವಲ್ಪ ದಿನ ಬಿಡು ಅಂತ ಮೊದಲು ಕತ್ತರಿ ಬೀಳೋದು ಈ ಔಷಧಿಗೆ. ಕೆಲವು ಔಷಧಿ ದಿಢೀರ್ ಬಿಟ್ರೆ ಕಾಯಿಲೆ ಮೊದಲಿಗಿಂತ ಜೋರಾಗಿ ತಿರುಗಿ ಬರತ್ತೆ, ಫಿಂಗೊಲಿಮಾಡ್, ನಟಲಿಜುಮ್ಯಾಬ್ ಅಂಥವು. ಒಂದು ದಾಳಿಲಿ ಹೋದ ಶಕ್ತಿ ಪೂರ್ತಿ ವಾಪಸ್ ಬರದೇ ಇರಬಹುದು, ಆಗ ಉಳಿಸಿದ ಇಪ್ಪತ್ತು ಸಾವಿರಕ್ಕೆ ಪ್ರತಿಯಾಗಿ ಜೀವಮಾನದ ಸಂಬಳ ಹೋಗತ್ತೆ.

ಈ ಮಾತಿಗೆ ಒಳ್ಳೇ ಲೆಕ್ಕ ಯೂರೋಪಿಂದ ಸಿಗತ್ತೆ, ಯಾಕಂದ್ರೆ ಅಲ್ಲಿ ಇದನ್ನೆಲ್ಲಾ ಕೂತು ಎಣಿಸಿದ್ದಾರೆ. 2017ರಲ್ಲಿ ಪ್ರಕಟ ಆದ 16 ದೇಶಗಳ, ಹದಿನಾರು ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನದಲ್ಲಿ ಒಬ್ಬರಿಗೆ ವರ್ಷಕ್ಕೆ ಆಗೋ ಒಟ್ಟು ವೆಚ್ಚ ಕಾಯಿಲೆ ಸೌಮ್ಯ ಇದ್ದಾಗ ಸುಮಾರು 22,800 ಯೂರೋ, ಮಧ್ಯಮ ಇದ್ದಾಗ 37,100, ತೀವ್ರ ಇದ್ದಾಗ 57,500. ಸೌಮ್ಯ ಹಂತದಲ್ಲಿ ದೊಡ್ಡ ಪಾಲು ಔಷಧಿದು. ತೀವ್ರ ಆದಂಗೆ ಔಷಧಿ ಪಾಲು ಇಳಿದು, ಆರೈಕೆ ಮತ್ತೆ ಹೋದ ದುಡಿಮೆ ಪಾಲು ಏರತ್ತೆ. ಅದೇ ಅಧ್ಯಯನದಲ್ಲಿ ಕೆಲಸ ಮಾಡ್ತಿರೋರ ಪ್ರಮಾಣ ಅಂಗವೈಕಲ್ಯ ಹೆಚ್ಚಾದಂಗೆ 82%ಯಿಂದ 8%ಗೆ ಬೀಳತ್ತೆ. ಅಮೆರಿಕದಲ್ಲಿ 2019ಕ್ಕೆ ಎಂಎಸ್‌ನ ಒಟ್ಟು ಹೊರೆ 85.4 ಬಿಲಿಯನ್ ಡಾಲರ್ ಅಂತ ಲೆಕ್ಕ ಹಾಕಿದ್ರು, ಅದರಲ್ಲಿ 22.1 ಬಿಲಿಯನ್ ಆಸ್ಪತ್ರೆ ಔಷಧಿಗೆ ಸಂಬಂಧ ಇಲ್ಲದ್ದು. ಅಲ್ಲಿ ಔಷಧಿ ರೇಟು ಆಕಾಶದಲ್ಲಿ ಇರೋದ್ರಿಂದ ಆ ಪಾಲು ಚಿಕ್ಕದಾಗಿ ಕಾಣತ್ತೆ. ಔಷಧಿ ಅಗ್ಗ ಇರೋ ನಮ್ಮಂಥ ಕಡೆ, ದುಡಿಮೆ ಹೋಗೋದೇ ದೊಡ್ಡ ಹೊಡೆತ ಅನ್ನೋದು ನನ್ನ ಅನಿಸಿಕೆ.

ದುಡಿಮೆ ಹೋಗೋದು ವೀಲ್‌ಚೇರ್ ಬಂದ್ಮೇಲೆ ಅಂತ ಜನ ಅಂದ್ಕೊಂಡಿರ್ತಾರೆ. ಹಂಗಿಲ್ಲ. ಮೊದಲು ಹೊಡೆಯೋದು ಸುಸ್ತು. ಅದೇ ಯೂರೋಪ್ ಅಧ್ಯಯನದಲ್ಲಿ 95% ಜನ ಸುಸ್ತು ಇದೆ ಅಂದಿದ್ರು, 71% ಜನ ನೆನಪು, ಗಮನ, ಯೋಚ್ನೆ ವೇಗದಲ್ಲಿ ತೊಂದರೆ ಇದೆ ಅಂದಿದ್ರು. ಈ ಸುಸ್ತು ರಾತ್ರಿ ನಿದ್ದೆಗೆಟ್ಟ ಸುಸ್ತಲ್ಲ, ಮಧ್ಯಾಹ್ನ ಮೂರು ಗಂಟೆಗೆ ಕೈ ಎತ್ತೋಕಾಗದಂಗೆ ಆಗಿ ಎಕ್ಸೆಲ್ ಶೀಟಲ್ಲಿ ಅದೇ ಸಾಲನ್ನ ನಾಲ್ಕು ಸಲ ಓದಿದ್ರೂ ತಲೆಗೆ ಹೋಗಲ್ಲ. ಹೊರಗಿಂದ ನೋಡೋರಿಗೆ ಆ ಹುಡುಗಿ ಚೆನ್ನಾಗೇ ಇದ್ದಾಳೆ, ಲಿಪ್‌ಸ್ಟಿಕ್ ಹಾಕಿದ್ದಾಳೆ, ನಗ್ತಾಳೆ, ಕೆಲಸದಲ್ಲಿ ಮಾತ್ರ ಸೋಮಾರಿ. ಮ್ಯಾನೇಜರ್‌ಗೆ ಹೇಳಿದ್ರೆ ಮುಂದಿನ ಪ್ರಾಜೆಕ್ಟಿಂದ ತೆಗೀತಾರೆ ಅನ್ನೋ ಭಯ, ಹೇಳದೇ ಇದ್ರೆ ರೇಟಿಂಗ್ ಬೀಳತ್ತೆ, ಎರಡೂ ಕಡೆ ನಷ್ಟ.

ಇದರ ಮೇಲೆ ಸೆಕೆ. ಮೈ ಬಿಸಿ ಸ್ವಲ್ಪ ಏರಿದ್ರೂ ಕೆಟ್ಟ ನರಗಳಲ್ಲಿ ಸಂದೇಶ ಇನ್ನೂ ನಿಧಾನ ಆಗತ್ತೆ, ಕಣ್ಣು ಮಂಜಾಗತ್ತೆ, ಕಾಲು ಭಾರ ಆಗತ್ತೆ. 1890ರಲ್ಲೇ ಊಥಾಫ್ ಅನ್ನೋ ಜರ್ಮನ್ ಡಾಕ್ಟ್ರು ಗಮನಿಸಿದ್ದು ಇದು. ತಣ್ಣಗಾದ್ರೆ ಸರಿಹೋಗತ್ತೆ, ಹೊಸ ಹಾನಿ ಏನೂ ಆಗಲ್ಲ, ಆದ್ರೆ ಆ ಹೊತ್ತಿಗೆ ಕೆಲಸ ಆಗಲ್ಲ. ಈಗ ಇದನ್ನ ರಾಯಚೂರು ಕಲಬುರಗಿ ಏಪ್ರಿಲ್ ಮೇ ತಿಂಗಳಿಗೆ ಹಾಕಿ ನೋಡಿ. ಅಲ್ಲಿ ಎಸಿ ಅಥವಾ ಕೂಲರ್ ಶೋಕಿ ಅಲ್ಲ, ಕರೆಂಟ್ ಬಿಲ್ಲೂ ಚಿಕಿತ್ಸೆ ಖರ್ಚೇ. ಕರೆಂಟ್ ಹೋದ ಮಧ್ಯಾಹ್ನ ಆ ಮನುಷ್ಯ ಹಾಸಿಗೆಯಿಂದ ಏಳಲ್ಲ.

ಮೂತ್ರದ್ದು ಯಾರೂ ಬಾಯಿ ಬಿಟ್ಟು ಹೇಳಲ್ಲ, ಆದ್ರೆ ಕೆಲಸ ಬಿಡಿಸೋದ್ರಲ್ಲಿ ಅದರ ಪಾಲು ದೊಡ್ಡದು. ಅವಸರ ಆದ್ರೆ ತಡ್ಕೊಳ್ಳೋಕಾಗಲ್ಲ. ನಮ್ಮ ಬಸ್ ಸ್ಟ್ಯಾಂಡು ಆಫೀಸು ಸ್ಕೂಲುಗಳ ಟಾಯ್ಲೆಟ್ ಸ್ಥಿತಿ ಗೊತ್ತೇ ಇದೆ, ಅದಕ್ಕೆ ಹೊರಗೆ ಹೋಗೋ ದಿನ ನೀರೇ ಕುಡಿಯಲ್ಲ, ನೀರು ಕುಡೀದೇ ಇದ್ರೆ ಮೂತ್ರದ ಸೋಂಕು, ಸೋಂಕಿಂದ ಜ್ವರ, ಜ್ವರದಿಂದ ಹಳೇ ಲಕ್ಷಣಗಳೆಲ್ಲಾ ಮತ್ತೆ ಏಳತ್ತೆ, ಹೊಸ ದಾಳಿ ಅಂದ್ಕೊಂಡು ಅಡ್ಮಿಟ್ ಆಗ್ತಾರೆ, ಒಂದು ವಾರ ರಜೆ. ಶುರು ಆಗಿದ್ದು ಒಂದು ಕ್ಲೀನ್ ಟಾಯ್ಲೆಟ್ ಇಲ್ದೇ ಇದ್ದಿದ್ರಿಂದ.

ಇಷ್ಟು ಹೊತ್ತು ಹೇಳಿದ್ದು ಸಂಬಳದ ಕೆಲಸ. ಕೂಲಿ ಕೆಲಸದವ್ರ ಕಥೆ ಇನ್ನೂ ಬೇಗ ಮುಗಿಯತ್ತೆ. ದಕ್ಷಿಣ ಕನ್ನಡದಲ್ಲಿ ಬೀಡಿ ಸುತ್ತೋ ಹೆಂಗಸಿಗೆ, ಮಲೆನಾಡಲ್ಲಿ ಅಡಿಕೆ ಸುಲಿಯೋ ಹೆಂಗಸಿಗೆ ಬೆರಳ ತುದಿ ಸ್ಪರ್ಶ ಹೋದ್ರೆ ಆವತ್ತಿಂದಲೇ ಸಂಪಾದನೆ ಇಲ್ಲ, ಕಾಲು ಗಟ್ಟಿ ಇದ್ರೂ ಸೈತ. ಸಂಬಳನೇ ಇಲ್ಲದೆ ಮನೆ, ದನ, ಮಕ್ಳು, ಅತ್ತೆ ಮಾವ ಎಲ್ಲಾ ನೋಡ್ಕೋತಿದ್ದ ಹೆಂಗಸಿಗೆ ಎಂಎಸ್ ಬಂದ್ರೆ ಯಾವ ಲೆಕ್ಕದಲ್ಲೂ ಆದಾಯ ನಷ್ಟ ಅಂತ ಬರಲ್ಲ. ಆದ್ರೆ ಆ ಕೆಲಸ ಎಲ್ಲಾ ಯಾರೋ ಮಾಡ್ಲೇಬೇಕಲ್ಲ, ಹೆಚ್ಚಾಗಿ ಅದು ದೊಡ್ಡ ಮಗಳ ತಲೆ ಮೇಲೆ ಬೀಳತ್ತೆ. ಅವಳ ಪಿಯುಸಿ ಅರ್ಧಕ್ಕೆ ನಿಂತಿದ್ದನ್ನ ಎಂಎಸ್ ಖರ್ಚಿಗೆ ಸೇರಿಸಿ ಬರೆದ ಆಸ್ಪತ್ರೆ ಬಿಲ್ಲನ್ನ ನಾನಂತೂ ನೋಡಿಲ್ಲ. ಇಲ್ಲಾ ಅಂದ್ರೆ ಅರವತ್ತು ದಾಟಿದ ತಾಯಿ ನಲವತ್ತು ದಾಟಿದ ಮಗನ್ನ ಎತ್ತಿ ಕೂರಿಸ್ಬೇಕು, ಎರಡು ವರ್ಷಕ್ಕೆ ಅವರ ಸೊಂಟಾನೂ ಹೋಗತ್ತೆ. ಗಂಡ ಹೆಂಡತಿ ಇಬ್ರೂ ದುಡೀತಿದ್ದ ಮನೇಲಿ ಒಬ್ರಿಗೆ ಕಾಯಿಲೆ ಬಂದ್ರೆ ಹೋಗೋದು ಒಂದು ಸಂಬಳ ಅಲ್ಲ, ಒಂದೂವರೆ.

ಸಂಬಂಧಗಳ ಕಡೆಗೆ ಬಂದ್ರೆ, ಅಮೆರಿಕದಲ್ಲಿ 2009ರಲ್ಲಿ ಪ್ರಕಟ ಆದ ಒಂದು ಅಧ್ಯಯನ ಇದೆ, ಮೆದುಳಿನ ಗೆಡ್ಡೆ, ಬೇರೆ ಕ್ಯಾನ್ಸರ್, ಎಂಎಸ್ ಇರೋ 515 ರೋಗಿಗಳನ್ನ ನೋಡಿದ್ರು. ಕಾಯಿಲೆ ಹೆಂಡತಿಗೆ ಬಂದಿದ್ದಾಗ 20.8% ಮದುವೆ ಮುರಿದಿತ್ತು, ಗಂಡನಿಗೆ ಬಂದಿದ್ದಾಗ 2.9%. ನಮ್ಮಲ್ಲಿ ಡಿವೋರ್ಸ್ ಕಮ್ಮಿ, ಅದಕ್ಕೆ ಹಂಗಿಲ್ಲ ಅನ್ನಬಹುದು. ನಮ್ಮಲ್ಲಿ ಕೋರ್ಟಿಗೆ ಹೋಗಲ್ಲ, ಹುಷಾರಾಗೋವರೆಗೂ ತವರಲ್ಲಿ ಇರ್ಲಿ ಅಂತ ಕಳಿಸ್ತಾರೆ, ಹುಷಾರಾಗೋ ಕಾಯಿಲೆ ಅಲ್ಲ ಇದು, ಅಲ್ಲಿಗೆ ಮುಗೀತು. ಆಮೇಲೆ ಆ ಖರ್ಚು ಪೂರ್ತಿ ವಯಸ್ಸಾದ ಅಪ್ಪನ ಪೆನ್ಷನ್ ಮೇಲೆ, ಅಪ್ಪನ ನಂತರ ಅಣ್ಣನ ಮೇಲೆ, ಅತ್ತಿಗೆ ಮುಖ ನೋಡ್ಕೊಂಡು ಮಾತ್ರೆಗೆ ದುಡ್ಡು ಕೇಳ್ಬೇಕು. ಮದುವೆ ಆಗದವ್ರ ಮನೇಲಿ ಇನ್ನೊಂದು ಥರ, ಗಂಡಿನ ಕಡೆಯವ್ರಿಗೆ ಗೊತ್ತಾಗಬಾರದು ಅಂತ ಊರಿನ ಮೆಡಿಕಲ್ ಶಾಪ್ ಬಿಟ್ಟು ಬೇರೆ ಊರಿಂದ ಔಷಧಿ ತರಿಸ್ತಾರೆ, ಅಂಗವಿಕಲ ಸರ್ಟಿಫಿಕೇಟ್ ಬೇಡ ಅಂತಾರೆ, ತಂಗಿ ಸಂಬಂಧಾನೂ ತಪ್ಪತ್ತೆ ಅಂತ ಹೆದರ್ತಾರೆ. ಎಂಎಸ್ ಅಂಟು ರೋಗ ಅಲ್ಲ. ತಾಯಿಗೆ ಇದ್ರೆ ಮಗುಗೆ ಬಂದೇ ಬರತ್ತೆ ಅಂತಾನೂ ಇಲ್ಲ, ಸಾಧ್ಯತೆ ಸ್ವಲ್ಪ ಜಾಸ್ತಿ ಅಷ್ಟೇ, ನೂರಕ್ಕೆ ಎರಡು ಮೂರು ಅನ್ನೋ ಲೆಕ್ಕ.

ಬಸುರು ಬಾಣಂತನದ ಬಗ್ಗೆ ಒಂದು ಮಾತು, ಇದು ನಮ್ಮ ಕಡೆ ಬಹಳ ಜನಕ್ಕೆ ಗೊತ್ತಿಲ್ಲ. ಬಸುರಿಯಾಗಿದ್ದಾಗ, ಅದ್ರಲ್ಲೂ ಕೊನೇ ಮೂರು ತಿಂಗಳು, ದಾಳಿ ಕಮ್ಮಿ ಆಗತ್ತೆ. ಹೆರಿಗೆ ಆದ ಮೊದಲ ಮೂರು ತಿಂಗಳು ಜಾಸ್ತಿ ಆಗತ್ತೆ. ಅಂದ್ರೆ ಸರಿಯಾಗಿ ಬಾಣಂತನದ ಹೊತ್ತಿಗೆ, ಗಾಳಿ ಆಡದ ಕೋಣೇಲಿ, ಕುದಿಯೋ ಬಿಸಿನೀರು, ಕೆಂಡದ ಶಾಖ, ರಾತ್ರಿ ನಿದ್ದೆ ಇಲ್ಲ. ಶಾಖಕ್ಕೆ ಲಕ್ಷಣ ಏರತ್ತೆ ಅಂತ ಮೇಲೆ ಹೇಳಿದ್ನಲ್ಲ. ಕಾಲಿಗೆ ಶಕ್ತಿ ಇಲ್ಲ ಅಂದ್ರೆ ಬಾಣಂತಿ ನಿಶ್ಶಕ್ತಿ ಅಂತ ಅಂಟಿನುಂಡೆ ಕೊಡ್ತಾರೆ, ದಾಳಿ ಇದ್ರೆ ಅಲ್ಲೇ ಎರಡು ವಾರ ಕಳೆದುಹೋಗತ್ತೆ. ಅಜ್ಜಿ ಅಮ್ಮಂಗೆ ಮೊದಲೇ ಕೂರಿಸಿ ಹೇಳಿ, ನ್ಯೂರಾಲಜಿಸ್ಟ್ ಹತ್ರ ಹೆರಿಗೆ ಆದ ಎಷ್ಟು ದಿನಕ್ಕೆ ಔಷಧಿ ಶುರು ಮಾಡ್ಬೇಕು ಅಂತ ಮೊದಲೇ ಬರೆಸ್ಕೊಂಡಿರಿ.

ಈಗ ಸಹಾಯ ಅಂತ ಏನಿದೆ ನೋಡೋಣ, ಇಲ್ಲೇ ನನಗೆ ಸಿಟ್ಟು ಬರೋದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಾಗ 21 ಥರದ ಅಂಗವೈಕಲ್ಯದ ಪಟ್ಟೀಲಿ ಎಂಎಸ್ ಹೆಸರು ಹಾಕಿದ್ರು, ಅದು ದೊಡ್ಡ ಗೆಲುವೇ. 1985ರಲ್ಲಿ ಮುಂಬೈನಲ್ಲಿ ಶುರುವಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾ, ಬೆಂಗಳೂರಲ್ಲೂ ಅದರ ಶಾಖೆ ಇದೆ, ಎಷ್ಟೋ ವರ್ಷದಿಂದ ಇದರ ಬಗ್ಗೆ ದನಿ ಎತ್ತಿತ್ತು. ಆದ್ರೆ ಸೌಲಭ್ಯ ಬೇಕಂದ್ರೆ 40% ಅಂಗವೈಕಲ್ಯ ಅಂತ ಸರ್ಟಿಫಿಕೇಟ್ ಬೇಕು. ಸುಸ್ತನ್ನ ಯಾವ ಸ್ಕೇಲಲ್ಲಿ ಅಳೀತಾರೆ? ಸರ್ಟಿಫಿಕೇಟ್ ಕೊಡೋ ಡಾಕ್ಟ್ರುಗಳ ಬೋರ್ಡ್ ಮುಂದೆ ಹೋದ ದಿನ ಚೆನ್ನಾಗಿ ನಡೆದ್ರೆ ಸರ್ಟಿಫಿಕೇಟ್ ಇಲ್ಲ, ಮಾರನೇ ದಿನ ಹಾಸಿಗೆಯಿಂದ ಏಳೋಕಾಗದೇ ಇದ್ರೂ. ಅದೇ ಕಾಯ್ದೆಯ 34ನೇ ಸೆಕ್ಷನ್ನಲ್ಲಿ ಸರ್ಕಾರಿ ಕೆಲಸದ 4% ಮೀಸಲಾತಿ ಯಾರ್ಯಾರಿಗೆ ಅಂತ ಹೆಸರು ಬರೆದಿದೆ, ಆ ಸಾಲಲ್ಲಿ ಎಂಎಸ್ ಇಲ್ಲ, ಕೈ ಕಾಲಿನ ವೈಕಲ್ಯ ಅಂತ ತೋರಿಸ್ಕೊಂಡು ಬರಬೇಕು. ಅಂದ್ರೆ ಮತ್ತೆ ಕಾಲು ಹೋಗ್ಲೇಬೇಕು. ಈಗಾಗ್ಲೇ ಸರ್ಕಾರಿ ಕೆಲಸದಲ್ಲಿ ಇರೋರಿಗೆ 20ನೇ ಸೆಕ್ಷನ್ ಗಟ್ಟಿ ರಕ್ಷಣೆ ಕೊಡತ್ತೆ, ಸರ್ವಿಸಲ್ಲಿ ಇದ್ದಾಗ ವೈಕಲ್ಯ ಬಂದ್ರೆ ಕೆಲಸದಿಂದ ತೆಗೆಯೋ ಹಾಗಿಲ್ಲ, ಡಿಮೋಷನ್ ಮಾಡೋ ಹಾಗಿಲ್ಲ, ಅದೇ ಸಂಬಳಕ್ಕೆ ಬೇರೆ ಹುದ್ದೆ ಕೊಡ್ಬೇಕು. ಖಾಸಗಿ ಕಂಪನಿಗಳಿಗೆ ಸಮಾನ ಅವಕಾಶದ ಪಾಲಿಸಿ ಬರ್ದಿಡಿ ಅಂತ 21ನೇ ಸೆಕ್ಷನ್ ಹೇಳತ್ತೆ, ಬರೆದಿದ್ದು ವೆಬ್‌ಸೈಟಲ್ಲಿ ಇರತ್ತೆ.

ಇನ್ಶೂರೆನ್ಸ್ ಕಥೆನೂ ಹಂಗೇ. 2019ರಲ್ಲಿ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಹೊರಡಿಸಿದ ಗೈಡ್‌ಲೈನಲ್ಲಿ ಪಾಲಿಸಿಯಿಂದ ಶಾಶ್ವತವಾಗಿ ಹೊರಗಿಡಬಹುದಾದ ಕಾಯಿಲೆಗಳ ಪಟ್ಟಿ ಇತ್ತು, ಮಯಲಿನ್ ಹಾಳಾಗೋ ಕಾಯಿಲೆಗಳು ಅದರಲ್ಲಿದ್ವು. ದೊಡ್ಡ ಕಾಯಿಲೆ ಬಂದ್ರೆ ಒಟ್ಟಿಗೆ ದುಡ್ಡು ಕೊಡೋ ಕ್ರಿಟಿಕಲ್ ಇಲ್‌ನೆಸ್ ಪಾಲಿಸೀಲಿ ಎಂಎಸ್ ಇದೆ, ಆದ್ರೆ ಲಕ್ಷಣ ಕಮ್ಮಿ ಅಂದ್ರೂ 6 ತಿಂಗಳು ಬಿಡದೇ ಇರಬೇಕು ಅನ್ನೋ ಷರತ್ತು. ಬಂದು ಹೋಗೋ ಕಾಯಿಲೆಗೆ ಹೋಗಬಾರದು ಅನ್ನೋ ಷರತ್ತು! ಆರೋಗ್ಯ ಪಾಲಿಸಿ ಇದ್ರೂ ಅದು ಅಡ್ಮಿಟ್ ಆದ್ರೆ ಕೊಡತ್ತೆ, ದಿನಾ ಮನೇಲಿ ನುಂಗೋ ಮಾತ್ರೆಗೆ ಹೆಚ್ಚಿನವು ಕೊಡಲ್ಲ. ಡೇ ಕೇರಲ್ಲಿ ಡ್ರಿಪ್ ಹಾಕಿಸ್ಕೊಳ್ಳೋ ರಿಟುಕ್ಸಿಮ್ಯಾಬ್ ಥರದ ಆಂಟಿಬಾಡಿ ಔಷಧಿಗೆ ಕ್ಲೇಮ್ ಮಾಡೋಕೆ ದಾರಿ ಇದೆ. ಹಂಗಾಗಿ ಯಾವ ಔಷಧಿ ಅನ್ನೋದನ್ನ ಎಂಆರ್‌ಐ ರಿಪೋರ್ಟ್ ಜೊತೆ ಪಾಲಿಸಿ ಕಾಗದಾನೂ ನೋಡಿ ತೀರ್ಮಾನ ಮಾಡೋ ಪರಿಸ್ಥಿತಿ. ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಅದೂ ಆಸ್ಪತ್ರೆ ಪ್ಯಾಕೇಜ್ ಲೆಕ್ಕದ್ದು. ಆದಾಯ ತೆರಿಗೇಲಿ 80ಡಿಡಿಬಿ ಅಂತ ಚಿಕಿತ್ಸೆ ಖರ್ಚಿನ ವಿನಾಯ್ತಿಗೆ ಇದ್ದ ನರರೋಗಗಳ ಪಟ್ಟೀಲಿ ಪಾರ್ಕಿನ್ಸನ್ಸ್ ಇತ್ತು, ಎಂಎಸ್ ಇರಲಿಲ್ಲ, ಯಾಕೆ ಅಂತ ಕೇಳಿದ್ರೆ ಪಟ್ಟಿ ಬರೆದವ್ರೇ ಹೇಳ್ಬೇಕು. ಅಂಗವಿಕಲರ ಮಾಸಾಶನ ಇದೆ, ವೈಕಲ್ಯದ ಪ್ರಮಾಣ ನೋಡಿ ಸಾವಿರದ ಆಸುಪಾಸು, ಒಂದು ತಿಂಗಳ ಡೈಪರಿಗೂ ಸಾಲಲ್ಲ.

ಶಕ್ತಿ ಯೋಜನೆ ಬಂದ್ಮೇಲೆ ಹೆಂಗಸ್ರಿಗೆ ಬಸ್ ಟಿಕೆಟ್ ಉಳೀತು, ದೂರದ ಊರಿಂದ ಆಸ್ಪತ್ರೆಗೆ ಬರೋರಿಗೆ ಅದು ನಿಜವಾಗ್ಲೂ ಉಪಕಾರ. ಬಸ್ ಹತ್ತೋ ಮೆಟ್ಟಿಲು ಮಾತ್ರ ಮೊದಲಿನಷ್ಟೇ ಎತ್ತರ.

ಹಂಗಾದ್ರೆ ಈಗ ತಾನೇ ಗೊತ್ತಾಗಿರೋ ಮನೆಯವ್ರು ಏನ್ ಮಾಡ್ಬೇಕು? ನಾನು ಡಾಕ್ಟ್ರಲ್ಲ, ಔಷಧಿ ವಿಷಯ ಅವ್ರನ್ನೇ ಕೇಳಿ, ಆದ್ರೆ ಡಾಕ್ಟ್ರ ಹತ್ರ ನಾಚಿಕೆ ಬಿಟ್ಟು ದುಡ್ಡಿನ ಮಾತಾಡಿ. ನಮ್ಮ ಕೈಲಿ ವರ್ಷಕ್ಕೆ ಇಷ್ಟೇ ಆಗೋದು, ಐದು ವರ್ಷ ಬಿಡದೇ ನಡೆಸೋವಂಥ ಔಷಧಿ ಹೇಳಿ ಅಂತ. ದುಬಾರಿದು ಶುರು ಮಾಡಿ ವರ್ಷಕ್ಕೆ ನಿಲ್ಲಿಸೋದಕ್ಕಿಂತ ಅದು ಮೇಲು. ಜೆನೆರಿಕ್, ಬಯೋಸಿಮಿಲರ್ ಇದೆಯಾ ಅಂತ ಕೇಳಿ. ಪ್ರತಿ ಎಂಆರ್‌ಐ ಸಿಡಿ, ಡಿಸ್ಚಾರ್ಜ್ ಕಾಗದ ಎಲ್ಲಾ ಒಂದು ಫೈಲಲ್ಲಿ ತಾರೀಕಿನ ಪ್ರಕಾರ ಇಡಿ, ಸರ್ಟಿಫಿಕೇಟ್ ಬೋರ್ಡ್ ಮುಂದೆ ಬಾಯಿ ಮಾತಿಗಿಂತ ಅದು ಕೆಲಸಕ್ಕೆ ಬರತ್ತೆ. ವೈಕಲ್ಯ ಏರುಪೇರಾಗೋರಿಗೆ ಇಂತಿಷ್ಟು ವರ್ಷದವರೆಗೆ ಅಂತ ತಾತ್ಕಾಲಿಕ ಸರ್ಟಿಫಿಕೇಟ್ ಕೊಡೋಕೂ ನಿಯಮದಲ್ಲಿ ಅವಕಾಶ ಇದೆ, ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕುವಾಗ ಅದನ್ನ ಕೇಳಿ.

ಆಫೀಸಲ್ಲಿ ಎಲ್ರಿಗೂ ಹೇಳ್ಬೇಕು ಅಂತಿಲ್ಲ. ಹೇಳೋದಾದ್ರೆ ಕಾಯಿಲೆ ಹೆಸರಿಗಿಂತ ಏನು ಬೇಕು ಅನ್ನೋದನ್ನ ಹೇಳಿ: ಮಧ್ಯಾಹ್ನದ ನಂತರ ಮನೆಯಿಂದ ಕೆಲಸ, ಟಾಯ್ಲೆಟ್ ಹತ್ರದ ಸೀಟು, ಎಸಿ ಇರೋ ಮೂಲೆ, ನೈಟ್ ಶಿಫ್ಟ್ ಬೇಡ. ಇದ್ಯಾವುದಕ್ಕೂ ಕಂಪನಿಗೆ ದೊಡ್ಡ ಖರ್ಚಿಲ್ಲ.

ಇನ್ನು ಸಾಕಾಯ್ತು ಅಂತ ರಾಜೀನಾಮೆ ಬರೆಯೋ ಮುಂಚೆ ಕೆಲಸದ ಜೊತೆ ಏನೇನು ಹೋಗತ್ತೆ ಅಂತ ಪಟ್ಟಿ ಮಾಡಿ. ಇಎಸ್‌ಐ, ಅಂದ್ರೆ ನೌಕರರ ಸರ್ಕಾರಿ ಆರೋಗ್ಯ ವಿಮೆ ಇದ್ರೆ ಅದು ಹೊರರೋಗಿ ಔಷಧೀನೂ ಕೊಡೋ ಕೆಲವೇ ವ್ಯವಸ್ಥೆಗಳಲ್ಲಿ ಒಂದು, ಕೆಲಸ ಬಿಟ್ರೆ ಅದೂ ಹೋಗತ್ತೆ. ಕಂಪನಿಯ ಗ್ರೂಪ್ ಪಾಲಿಸೀಲಿ ಸಾಮಾನ್ಯವಾಗಿ ಮೊದಲೇ ಇದ್ದ ಕಾಯಿಲೆಗೂ ಮೊದಲ ದಿನದಿಂದ ಕವರ್ ಇರತ್ತೆ, ಹೊರಗೆ ಹೊಸ ಪಾಲಿಸಿ ಮಾಡಿಸೋಕೆ ಹೋದ್ರೆ ಎಂಎಸ್ ಅಂದ ತಕ್ಷಣ ಬಾಗಿಲು ಹಾಕ್ತಾರೆ, ಕೊಟ್ರೂ 3 ವರ್ಷದವರೆಗೆ ಕಾಯಿಸ್ತಾರೆ. ಅದೇ ಇನ್ಶೂರೆನ್ಸ್ ಕಂಪನೀಲಿ ಗ್ರೂಪಿಂದ ಸ್ವಂತ ಪಾಲಿಸಿಗೆ ಬದಲಾಯಿಸ್ಕೊಳ್ಳೋ ಅವಕಾಶ ಇರತ್ತೆ, ಎಚ್‌ಆರ್‌ನವ್ರು ತಾವಾಗೇ ಹೇಳಲ್ಲ, ನೀವೇ ಕೇಳ್ಬೇಕು, ಅದೂ ಇನ್ನೂ ಕೆಲಸದಲ್ಲಿ ಇರೋವಾಗಲೇ, ಬರವಣಿಗೇಲಿ.